ಮಾತಾಡುವ ದುರ್ಯೋಧನ, ಮೂಕ ಫೆಲಿಕ್ಸ್

ಖಳನ ಪಕ್ಕದಲ್ಲಿ ನಿಂತು ಕಥೆ ನೋಡಿದರೆ ಏನಾಗುತ್ತದೆ? ಕನ್ನಡ ಸಾಹಿತ್ಯ ಈ ಪ್ರಶ್ನೆ ಕೇಳಿಕೊಂಡು ಸಾವಿರ ವರ್ಷ ದಾಟಿತು. ವಿಡಿಯೊ ಗೇಮುಗಳು ಕೇಳಿಕೊಳ್ಳತೊಡಗಿ ಹೆಚ್ಚೆಂದರೆ ಒಂದೆರಡು ತಲೆಮಾರು. ಎರಡು ಕಡೆಯ ಉತ್ತರಗಳನ್ನೂ ಅಕ್ಕಪಕ್ಕ ಇಟ್ಟು ನೋಡುವವರು ಕಡಿಮೆ. ರನ್ನನನ್ನು ಓದುವವರಿಗೆ ಗೇಮ್ ಎಂದರೆ ಮಕ್ಕಳು ಕಣ್ಣು ಕೆಡಿಸಿಕೊಳ್ಳುವ ದಾರಿ. ಗೇಮ್ ಆಡುವವರಿಗೆ ರನ್ನ ಎಂದರೆ ಅಂಕಕ್ಕಾಗಿ ಉರು ಹೊಡೆದು, ಪರೀಕ್ಷೆಯ ಮರುದಿನ ಮರೆತ ಪದ್ಯ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಈ ಎರಡು ಪಂಗಡಗಳೂ ಒಂದೇ ಸೂರಿನಡಿ ಇವೆ. ಹಜಾರದಲ್ಲಿ ಗಮಕ ಕೇಳುವ ತಾತ, ಒಳಕೋಣೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡ ಮೊಮ್ಮಗ. ಇಬ್ಬರೂ ತಲೆ ಕೆಡಿಸಿಕೊಂಡಿರುವುದು ಒಂದೇ ವಿಷಯಕ್ಕೆ ಎಂಬುದು ಇಬ್ಬರಿಗೂ ಗೊತ್ತಿಲ್ಲ.

ಇಲ್ಲಿ ಮುಖ್ಯವಾಗಿ ಎರಡು ಜೋಡಿಗಳನ್ನು ಎತ್ತಿಕೊಂಡಿದ್ದೇನೆ. ಮೊದಲನೆಯದು ಬಿ.ಎಂ. ಶ್ರೀಕಂಠಯ್ಯನವರ ‘ಗದಾಯುದ್ಧ ನಾಟಕಂ’ (1926) ಮತ್ತು ‘ಅಶ್ವತ್ಥಾಮನ್’ (1929). ಎರಡನೆಯದು ಜಪಾನಿನ ಕ್ಯಾಮೆಲಾಟ್ ಸಂಸ್ಥೆ ಸಿದ್ಧಪಡಿಸಿ, ನಿಂಟೆಂಡೊ ಮಾರುಕಟ್ಟೆಗೆ ಬಿಟ್ಟ ‘ಗೋಲ್ಡನ್ ಸನ್’ (2001) ಮತ್ತು ಅದರ ಮುಂದಿನ ಭಾಗ ‘ದಿ ಲಾಸ್ಟ್ ಏಜ್’ (2002). ನಾಟಕಗಳೆರಡೂ ಒಂದೇ ಯುದ್ಧದ ಕೊನೆಯ ಗಳಿಗೆಗಳ ಕಥೆ, ಸೋತವರ ಕಡೆಯಿಂದ ಹೇಳಿದ್ದು. ಆಟಗಳೆರಡೂ ಒಂದೇ ಲೋಕದ ಕಥೆ. ಮೊದಲ ಆಟದಲ್ಲಿ ಎದುರಾಳಿಗಳ ಗುಂಪಿನಲ್ಲಿದ್ದ ಹುಡುಗ ಎರಡನೆಯದರಲ್ಲಿ ನಾಯಕ. ಇಂಥ ಆಟಗಳಿಗೆ ಹುಡುಗರು ಆರ್‌ಪಿಜಿ ಅನ್ನುತ್ತಾರೆ. ಆಡುವವನು ಕಥೆಯೊಳಗಿನ ಒಂದು ಪಾತ್ರವನ್ನು ಹೊತ್ತು, ಊರೂರು ಅಲೆದು, ಜೊತೆಗಾರರನ್ನು ಕೂಡಿಸಿಕೊಂಡು, ಕಾದಾಡಿ ಬಲಿಯುತ್ತ ಹೋಗುವ ಬಗೆ. ವೇಷ ಹಾಕುವುದು ನಮಗೇನೂ ಹೊಸದಲ್ಲ.

ಬಿ.ಎಂ.ಶ್ರೀಗೆ ಬರುವ ಮೊದಲು ಅವರ ಹಿಂದಿನ ಇನ್ನೊಂದು ಜೋಡಿಯನ್ನು ಮುಟ್ಟಿ ಹೋಗಲೇಬೇಕು. ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ್ದು 941ರಲ್ಲಿ. ಅದರ ನಾಯಕ ಅರ್ಜುನ, ಅರ್ಜುನನೆಂದರೆ ಪಂಪನ ಒಡೆಯ ಅರಿಕೇಸರಿ. ಹಾಗಾಗಿ ಗೆಲುವು ಯಾರದೆಂಬುದು ಕಾವ್ಯ ಶುರುವಾಗುವ ಮೊದಲೇ ತೀರ್ಮಾನವಾಗಿದೆ. ಆದರೂ ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದು ಆತ ಬಿಡಿಸಿ ಹೇಳುತ್ತಾನೆ. ಕೊನೆಯಲ್ಲಿ ಭಾರತದ ದೊಡ್ಡವರನ್ನು ಪಟ್ಟಿ ಮಾಡುವಾಗ ಛಲಕ್ಕೆ ದುರ್ಯೋಧನನ ಹೆಸರನ್ನು ಹಾಕುತ್ತಾನೆ. ಒಡೆಯನ ಉಪ್ಪು ತಿಂದವನು ಎದುರಾಳಿಗೆ ಕೊಟ್ಟ ಗೌರವ ಇದು. ಸುಮಾರು ನಾಲ್ಕು ದಶಕದ ಮೇಲೆ ಮುಧೋಳದ ಬಳೆಗಾರರ ಮನೆಯಿಂದ ಬಂದ ರನ್ನ, ಪಂಪನ ಹದಿಮೂರನೆಯ ಆಶ್ವಾಸದಲ್ಲಿದ್ದ ಗದಾಯುದ್ಧದ ಭಾಗವನ್ನು ಕೈಗೆತ್ತಿಕೊಂಡು ಹತ್ತು ಆಶ್ವಾಸಗಳ ಕಾವ್ಯವಾಗಿ ಬೆಳೆಸಿದ. ಅಧಿಕೃತ ಹೆಸರು ‘ಸಾಹಸಭೀಮ ವಿಜಯ’. ಭೀಮನೆಂದರೆ ಚಾಳುಕ್ಯ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗ. ಇಲ್ಲೂ ಪಟ್ಟ ಭೀಮನಿಗೇ. ಆದರೆ ಓದಿ ಮುಗಿಸಿದವರ ಎದೆಯಲ್ಲಿ ಉಳಿಯುವವನು ದುರ್ಯೋಧನ. ಕಾವ್ಯದ ಹೆಸರು ಒಬ್ಬನದು, ಕಾವ್ಯ ಇನ್ನೊಬ್ಬನದು.

ಇದಕ್ಕೆ ಸುಲಭದ ಸಮಾಧಾನವೊಂದುಂಟು. ಎದುರಾಳಿಯ ಕುಲ, ಶೌರ್ಯ, ವಿದ್ಯೆಗಳನ್ನು ಹೊಗಳಿ, ಆಮೇಲೆ ಅವನನ್ನು ನಾಯಕ ಸೋಲಿಸಿದನೆಂದರೆ ನಾಯಕನ ಹಿರಿಮೆ ಹೆಚ್ಚುತ್ತದೆ ಎಂದು ‘ಕಾವ್ಯಾದರ್ಶ’ದ ದಂಡಿ ಹೇಳಿದ್ದಾನೆ. ರನ್ನ ಮಾಡಿದ್ದೂ ಅಷ್ಟೇ, ದುರ್ಯೋಧನ ದೊಡ್ಡವನಾದಷ್ಟೂ ಭೀಮ ದೊಡ್ಡವನಾಗುತ್ತಾನೆ ಎಂದು ವಾದಿಸಬಹುದು. ನನಗೆ ಒಪ್ಪಿಗೆಯಿಲ್ಲ. ಲೆಕ್ಕ ಹಾಕಿ ದೊಡ್ಡವನನ್ನಾಗಿ ಮಾಡಿದ ಎದುರಾಳಿ ಹೇಗಿರುತ್ತಾನೆ ಎಂಬುದನ್ನು ನೂರಾರು ಸಿನಿಮಾಗಳಲ್ಲಿ ಕಂಡಿದ್ದೇವೆ. ಅವನಿಗೆ ದೊಡ್ಡ ಬಂಗಲೆ ಇರುತ್ತದೆ, ದೊಡ್ಡ ನಗೆ ಇರುತ್ತದೆ, ದುಃಖ ಮಾತ್ರ ಇರುವುದಿಲ್ಲ. ರನ್ನನ ದುರ್ಯೋಧನನಿಗೆ ಇರುವುದೇ ದುಃಖ. ಸಂಜಯನ ಜೊತೆ ಹೆಣಗಳ ನಡುವೆ ಕಾಲೆಳೆದುಕೊಂಡು ನಡೆಯುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಅಭಿಮನ್ಯುವಿನ ಹೆಣದ ಮುಂದೆ ನಿಂತು, ತನ್ನವರೇ ಸುತ್ತುವರಿದು ಕೊಂದ ಆ ಹುಡುಗನ ವೀರಕ್ಕೆ ಕೈಮುಗಿದು, ತನಗೂ ಅಂಥದೇ ಸಾವು ಬರಲಿ ಎಂದು ಬೇಡುತ್ತಾನೆ. ಕರ್ಣನ ಹೆಣ ಸಿಕ್ಕಾಗ ಇನ್ನೂ ಆಳಕ್ಕೆ ಇಳಿಯುತ್ತಾನೆ. ಕರ್ಣ ಕುಂತಿಯ ಮಗನೆಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದವನು ಈಗ, ಕೇಳಿಸಿಕೊಳ್ಳಬೇಕಾದವನು ಸತ್ತ ಮೇಲೆ, ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ಭೀಮನ ಹಿರಿಮೆಗೆ ಇದರಿಂದ ಮೂರು ಕಾಸಿನ ಉಪಯೋಗವಿಲ್ಲ. ಇದು ದಂಡಿಯ ಲೆಕ್ಕಕ್ಕೆ ಹೊರಗಿನದು.

ಗಮನಿಸಬೇಕಾದ್ದು, ರನ್ನ ಇದನ್ನೆಲ್ಲ ಮಾತಿನಿಂದ ಮಾಡುತ್ತಾನೆ. ದುರ್ಯೋಧನ ನಡೆಯುತ್ತಾನೆ, ನೋಡುತ್ತಾನೆ, ಮಾತಾಡುತ್ತಾನೆ. ಹಿಂದಿನ ಹದಿನೇಳು ದಿನದ ಯುದ್ಧ, ಅದಕ್ಕೂ ಹಿಂದಿನ ದ್ಯೂತ, ವಸ್ತ್ರಾಪಹರಣ ಎಲ್ಲ ತಿರುಗಿ ನೋಡಿದಂತೆ ನೆನಪಿನ ಮೂಲಕವೇ ಬರುತ್ತವೆ. ಸಿಂಹಾವಲೋಕನ ಎನ್ನುವುದು ಇದಕ್ಕೇ. ಭೀಮನಿಗೂ ಮಾತುಂಟು, ಆದರೆ ಅದು ಪ್ರತಿಜ್ಞೆಯ ಮಾತು, ಮೂದಲಿಕೆಯ ಮಾತು. ತನ್ನೊಡನೆ ತಾನೇ ಆಡಿಕೊಳ್ಳುವ ಮಾತು ದುರ್ಯೋಧನನಿಗೆ ಮಾತ್ರ ಸಿಕ್ಕಿದೆ. ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿದ್ದಾಗ ಭೀಮನ ಕೂಗಿಗೆ ಅವನು ಬೆವರುವ ಚಿತ್ರ ಕನ್ನಡಿಗರಿಗೆಲ್ಲ ಗೊತ್ತು. ಅದೊಂದು ಚಿತ್ರ ಇಷ್ಟು ಕಾಲ ನಿಂತಿದ್ದರೆ, ಅಷ್ಟು ಹೊತ್ತಿಗೆ ನಾವು ಅವನ ಮೈಯೊಳಗೆ ಹೊಕ್ಕಿದ್ದೇವೆ ಎಂಬುದೇ ಕಾರಣ.

ಬಿ.ಎಂ.ಶ್ರೀ ಕೈ ಹಾಕಿದ್ದು ಇಲ್ಲಿಗೆ. ಇಂಗ್ಲಿಷ್ ಪ್ರಾಧ್ಯಾಪಕರು, ಗ್ರೀಕ್ ರುದ್ರನಾಟಕದಲ್ಲಿ ಮುಳುಗಿದವರು. ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತಿನ ಚುಕ್ಕಾಣಿಯನ್ನೂ ಮುಂದೆ ಕೆಲಕಾಲ ಹಿಡಿದರು. ಪರಿಷತ್ತಿನ ಮುಂದಿನ ರಸ್ತೆ ಈಗ ಪಂಪ ಮಹಾಕವಿಯದು. ಅಲ್ಲಿಂದ ಬಹಳ ದೂರವಿಲ್ಲದ ನರಸಿಂಹರಾಜ ಕಾಲೊನಿಯಲ್ಲಿ ಎಂ.ವಿ. ಸೀತಾರಾಮಯ್ಯನವರು ಕಟ್ಟಿ ಬೆಳೆಸಿದ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನ. ರನ್ನನ ಕಾವ್ಯದೊಳಗೆ ನಾಟಕವೊಂದು ಹುದುಗಿದೆ ಎಂದು ಕಂಡುಕೊಂಡ ಶ್ರೀಯವರು, ರನ್ನನ ಪದ್ಯಗಳನ್ನೇ ಆರಿಸಿ, ಜೋಡಿಸಿ ‘ಗದಾಯುದ್ಧ ನಾಟಕಂ’ ಮಾಡಿದರು. ತಮ್ಮ ಕಾಣಿಕೆಗಿಂತ ಕತ್ತರಿಯ ಕೆಲಸವೇ ಹೆಚ್ಚು. ಆದರೆ ಕತ್ತರಿ ಎಲ್ಲಿ ಬೀಳುತ್ತದೆ ಎಂಬುದರಲ್ಲೇ ಅಭಿಪ್ರಾಯ ಇರುತ್ತದೆ. ರನ್ನ ಇಬ್ಬರಿಗೂ ಹಂಚಿದ್ದ ಬೆಳಕನ್ನು ಶ್ರೀಯವರು ಒಬ್ಬನ ಮೇಲೆ ಬಿಟ್ಟರು. ದುರ್ಯೋಧನ ದುರಂತ ನಾಯಕನಾದ. ರನ್ನನ ಮನಸ್ಸಿನಲ್ಲಿ ಇದ್ದದ್ದು ಇದೇ, ಒಡೆಯನ ಭಿಡೆಯಿಂದ ಬಾಯಿಬಿಡಲಿಲ್ಲ ಎಂದು ಕೆಲವರು. ರನ್ನನ ಮೇಲೆ ಗ್ರೀಕ್ ಅಂಗಿ ತೊಡಿಸಿದರು ಎಂದು ಕೆಲವರು. ಈ ಜಗಳ ಕನ್ನಡ ವಿಮರ್ಶೆಯಲ್ಲಿ ಇನ್ನೂ ಆರಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಕಾವ್ಯ ನಾಟಕಕ್ಕಿಂತ ದೊಡ್ಡದು, ಅಲ್ಲಿ ದ್ರೌಪದಿಗೂ ಜಾಗ ಇರುವುದರಿಂದ. ಆ ಮಾತಿಗೆ ಆಮೇಲೆ ಬರುತ್ತೇನೆ.

ಅದೇ ಹೊತ್ತಿಗೆ ಸಂಸ್ಕೃತದ ಕಡೆಯಿಂದಲೂ ಒಂದು ಸಾಕ್ಷಿ ಬೆಳಕಿಗೆ ಬಂದಿತ್ತು. ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ಪ್ರಕಟಿಸತೊಡಗಿದ ಭಾಸನ ನಾಟಕಗಳಲ್ಲಿ ‘ಊರುಭಂಗ’ವೂ ಒಂದು. ಅಲ್ಲಿ ದುರ್ಯೋಧನ ರಂಗದ ಮೇಲೇ ಸಾಯುತ್ತಾನೆ, ಸಾಯುವ ಮುನ್ನ ಹಗೆತನ ಬಿಡುತ್ತಾನೆ. ಸೋತವನಿಗೆ ಕಣ್ಣೀರು ಹಾಕುವುದನ್ನು ನಾವು ಗ್ರೀಕರಿಂದಷ್ಟೇ ಕಲಿಯಬೇಕಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು. ಬೆಂಗಳೂರಿನಲ್ಲೇ ಟಿ.ಪಿ. ಕೈಲಾಸಂ ಕರ್ಣ, ಏಕಲವ್ಯ, ಕೀಚಕರ ಮೇಲೆ ನಾಟಕ ಬರೆದರು, ಕೀಚಕನಿಗೂ ಒಂದು ಮರ್ಯಾದೆ ದಕ್ಕಿಸಿಕೊಟ್ಟರು. ನಮ್ಮ ಬೀದಿಗಳ ಬೆರಕೆ ಕನ್ನಡವನ್ನು ರಂಗಕ್ಕೆ ತಂದ ಮನುಷ್ಯ ಭಾರತದ ನಾಟಕಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದದ್ದು ನಮ್ಮ ದುರದೃಷ್ಟ.

‘ಅಶ್ವತ್ಥಾಮನ್’ಗೆ ಬಂದರೆ ಪರೀಕ್ಷೆ ಬಿಗಿಯಾಗುತ್ತದೆ. ದುರ್ಯೋಧನನನ್ನು ಪ್ರೀತಿಸುವುದು ಅಷ್ಟು ಕಷ್ಟವಲ್ಲ. ಅವನು ಎದುರಿಗೆ ನಿಂತು ಹೊಡೆದಾಡಿ, ತೊಡೆಗೆ ಏಟು ತಿಂದು ಬಿದ್ದವನು. ನಿಯಮ ಮುರಿದವನು ಭೀಮ. ಅಶ್ವತ್ಥಾಮ ಹಾಗಲ್ಲ. ರಾತ್ರಿ ಪಾಳೆಯಕ್ಕೆ ನುಗ್ಗಿ, ಮಲಗಿದ್ದವರನ್ನು ಕೊಂದವನು. ಸತ್ತವರಲ್ಲಿ ದ್ರೌಪದಿಯ ಐವರು ಮಕ್ಕಳು. ಇಂಥವನನ್ನು ನಾಯಕನೆಂದು ನಿಲ್ಲಿಸಲು ಶ್ರೀಯವರು ಸೋಫೋಕ್ಲಿಸನ ‘ಏಜಾಕ್ಸ್’ ನಾಟಕದ ಚೌಕಟ್ಟು ತಂದರು. ಗ್ರೀಕ್ ಕಥೆಯಲ್ಲಿ ಅವಮಾನಗೊಂಡ ಏಜಾಕ್ಸ್, ದೇವತೆ ಹಿಡಿಸಿದ ಹುಚ್ಚಿನಲ್ಲಿ, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿಯುತ್ತಾನೆ. ಹುಚ್ಚು ಇಳಿದಾಗ ನಾಚಿಕೆಗೆ ಬದುಕಲಾರದೆ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಅಲ್ಲಿ ಸತ್ತದ್ದು ದನಕುರಿ. ನಮ್ಮ ಕಥೆಯಲ್ಲಿ ಸತ್ತದ್ದು ಮಕ್ಕಳು. ಚೌಕಟ್ಟು ಒಂದೇ ಆದರೂ ಒಳಗೆ ತುಂಬಿದ ರಕ್ತ ಬೇರೆ. ಶ್ರೀಯವರು ಅಶ್ವತ್ಥಾಮನಿಗೆ ಭಾರ್ಗವಿ ಎಂಬ ಹೆಂಡತಿಯನ್ನು ಕೊಟ್ಟರು, ಏಕಲವ್ಯನನ್ನು ಜೊತೆಗೆ ತಂದು ನಿಲ್ಲಿಸಿದರು. ಎಲ್ಲಕ್ಕಿಂತ ದೊಡ್ಡ ಧೈರ್ಯವೆಂದರೆ ಅವನನ್ನು ಸಾಯಿಸಿದ್ದು. ಪರಂಪರೆಯ ಪ್ರಕಾರ ಅಶ್ವತ್ಥಾಮ ಏಳು ಚಿರಂಜೀವಿಗಳಲ್ಲಿ ಒಬ್ಬ. ಕೃಷ್ಣನ ಶಾಪ ಹೊತ್ತು, ಕೊಳೆಯುವ ಗಾಯದೊಂದಿಗೆ ಮೂರು ಸಾವಿರ ವರ್ಷ ಅಲೆಯಬೇಕಾದವನು. ಅವನನ್ನು ಕೊಂದದ್ದು ಪುರಾಣಕ್ಕೆ ಬಗೆದ ಅಪಚಾರ ಎಂಬ ಆಕ್ಷೇಪ ಸಹಜವಾಗಿಯೇ ಬಂತು. ಆದರೆ ನಾಟಕದ ದೃಷ್ಟಿಯಿಂದ ಬೇರೆ ದಾರಿ ಇರಲಿಲ್ಲ. ಮಾಡಿದ್ದನ್ನು ಶ್ರೀಯವರು ಅಳಿಸಲಿಲ್ಲ, ಕಡಿಮೆ ಮಾಡಲಿಲ್ಲ. ಅಳಿಸದ ಮೇಲೆ ಆ ಮನುಷ್ಯ ಹೊತ್ತು ನಡೆಯಲೂ ಆಗದು. ಅಲೆಯುವ ಶಾಪಕ್ಕಿಂತ ಸಾವು ಕರುಣೆ.

ಇನ್ನು ಆಟ.

‘ಗೋಲ್ಡನ್ ಸನ್’ ನಡೆಯುವುದು ವೇಯಾರ್ಡ್ ಎಂಬ ಲೋಕದಲ್ಲಿ. ಹಿಂದೆಂದೋ ಅಲ್ಲಿ ರಸವಿದ್ಯೆಯೊಂದಿತ್ತು. ಅದರಿಂದ ಅನರ್ಥವಾದೀತೆಂದು ಪೂರ್ವಿಕರು ಅದಕ್ಕೆ ಬೀಗ ಹಾಕಿ, ನಾಲ್ಕು ಭೂತಗಳ ನಾಲ್ಕು ರತ್ನಗಳನ್ನು ಬೆಟ್ಟದ ಗರ್ಭಗುಡಿಯಲ್ಲಿ ಬಚ್ಚಿಟ್ಟಿದ್ದಾರೆ. ಆ ರತ್ನಗಳನ್ನು ನಾಲ್ಕು ದೀಪಸ್ತಂಭಗಳಲ್ಲಿ ಹಾಕಿ ಹೊತ್ತಿಸಿದರೆ ಬೀಗ ಬಿಚ್ಚುತ್ತದೆ. ಬೆಟ್ಟದ ಕೆಳಗಿನ ಊರು ವೇಲ್. ಸಾಟುರೋಸ್ ಮತ್ತು ಮೆನಾರ್ಡಿ ಎಂಬ ಇಬ್ಬರು ರತ್ನ ಕದಿಯಲು ಬರುತ್ತಾರೆ, ಬೆಟ್ಟದಿಂದ ಬಂಡೆ ಉರುಳುತ್ತದೆ, ಊರಿನ ಕೆಲವರು ಹೊಳೆ ಪಾಲಾಗುತ್ತಾರೆ. ಐಸಾಕ್ ಎಂಬ ಹುಡುಗನ ತಂದೆ, ಫೆಲಿಕ್ಸ್ ಎಂಬ ಇನ್ನೊಬ್ಬ ಹುಡುಗ, ಫೆಲಿಕ್ಸನ ಅಪ್ಪ ಅಮ್ಮ. ಮೂರು ವರ್ಷದ ಮೇಲೆ ಕಳ್ಳರು ಮತ್ತೆ ಬಂದಾಗ ಅವರ ಜೊತೆಯಲ್ಲಿ ಫೆಲಿಕ್ಸ್! ಸತ್ತನೆಂದುಕೊಂಡವನು ಬದುಕಿದ್ದಾನೆ, ಅದೂ ವೈರಿಗಳ ಗುಂಪಿನಲ್ಲಿ. ಅವರು ಊರಿನ ಪಂಡಿತನನ್ನೂ ಫೆಲಿಕ್ಸನ ತಂಗಿ ಜೆನ್ನಾಳನ್ನೂ ಎಳೆದುಕೊಂಡು ಹೋಗುತ್ತಾರೆ. ನಾವು ಐಸಾಕ್. ದೀಪ ಹೊತ್ತಿಸುವುದನ್ನು ತಡೆಯುವುದು ನಮ್ಮ ಕೆಲಸ. ಇಡೀ ಮೊದಲ ಆಟ ಇಷ್ಟೇ: ಅಟ್ಟಿಸಿಕೊಂಡು ಹೋಗುವುದು, ತಡವಾಗಿ ತಲುಪುವುದು. ಕೊನೆಗೆ ಸಾಟುರೋಸ್, ಮೆನಾರ್ಡಿ ಇಬ್ಬರನ್ನೂ ಕೊಲ್ಲುತ್ತೇವೆ. ಅಷ್ಟರಲ್ಲಿ ಎರಡು ದೀಪ ಹೊತ್ತಿಬಿಟ್ಟಿರುತ್ತದೆ.

ಎರಡನೆಯ ಆಟ ಶುರು ಮಾಡಿದರೆ ಕೈಯಲ್ಲಿ ಫೆಲಿಕ್ಸ್. ಉಳಿದೆರಡು ದೀಪಗಳನ್ನು ಹೊತ್ತಿಸುವುದೇ ಈಗ ನಮ್ಮ ಕೆಲಸ, ಅಟ್ಟಿಸಿಕೊಂಡು ಬರುತ್ತಿರುವವನು ಐಸಾಕ್. ಸತ್ಯ ನಿಧಾನವಾಗಿ ಬಿಚ್ಚುತ್ತದೆ. ರಸವಿದ್ಯೆಗೆ ಬೀಗ ಬಿದ್ದಾಗಿನಿಂದ ಲೋಕ ಬಡಕಲಾಗುತ್ತಿದೆ, ಅದರ ಅಂಚು ಕುಸಿದು ಪಾತಾಳಕ್ಕೆ ಬೀಳುತ್ತಿದೆ. ಉತ್ತರದ ತುದಿಯ ಪ್ರಾಕ್ಸ್ ಎಂಬ ಹಳ್ಳಿ ಆ ಅಂಚಿಗೆ ಬಂದು ನಿಂತಿದೆ. ಸಾಟುರೋಸ್, ಮೆನಾರ್ಡಿ ಆ ಊರಿನವರು. ತಮ್ಮ ಊರು ಉಳಿಸಿಕೊಳ್ಳಲು ಹೊರಟಿದ್ದರು. ಮೊದಲ ಆಟದಲ್ಲಿ ನಾವು ಬೆವರು ಸುರಿಸಿ ಕೊಂದದ್ದು ಇಂಥವರನ್ನು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಹೆಚ್ಚಿನವರು ಆಡುವ ಭರದಲ್ಲಿ ದಾಟಿಹೋಗುವಂಥದು. ಮೊದಲ ಆಟದಲ್ಲಿ ಐಸಾಕ್ ಮಾತಾಡುವುದಿಲ್ಲ. ಹೂಂ ಅಥವಾ ಊಹೂಂ, ಎರಡೇ ಉತ್ತರ, ಅದನ್ನೂ ಆರಿಸುವವರು ನಾವು. ಫೆಲಿಕ್ಸ್ ಮಾತ್ರ ಧಾರಾಳವಾಗಿ ಮಾತಾಡುತ್ತಾನೆ. ಎರಡನೆಯ ಆಟದಲ್ಲಿ ಅದಲುಬದಲು. ಐಸಾಕನಿಗೆ ಬಾಯಿ ಬಂದಿದೆ, ಫೆಲಿಕ್ಸ್ ಆಟದ ಉದ್ದಕ್ಕೂ ಬಹುಮಟ್ಟಿಗೆ ಮೂಕ. ನಾಯಕನ ಪಟ್ಟ ಸಿಕ್ಕ ಗಳಿಗೆಯಲ್ಲೇ ನಾಲಿಗೆ ಬಿದ್ದುಹೋಗುತ್ತದೆ. ಇದು ಆರ್‌ಪಿಜಿಗಳ ಹಳೆಯ ವಾಡಿಕೆ. ಆಡುವವನಿಗೆ ಜಾಗ ಬೇಕು, ಆದ್ದರಿಂದ ನಾಯಕ ಖಾಲಿಯಾಗಿರಬೇಕು.

ಇದನ್ನು ರನ್ನನ ಪಕ್ಕ ಇಟ್ಟು ನೋಡಿ. ಕಾವ್ಯದಲ್ಲಿ ಎದುರಾಳಿ ನಮ್ಮವನಾಗುವುದು ಅವನಿಗೆ ಮಾತು ಸಿಕ್ಕಿದಾಗ. ಆಟದಲ್ಲಿ ಎದುರಾಳಿ ನಮ್ಮವನಾಗುವುದು ಅವನ ಮಾತನ್ನು ಕಿತ್ತುಕೊಂಡಾಗ. ಎರಡೂ ಕಡೆ ಫಲ ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು; ಅಲ್ಲ. ದುರ್ಯೋಧನ ತನ್ನ ಬಗ್ಗೆ ತಾನೇ ತೀರ್ಪು ಕೊಟ್ಟುಕೊಳ್ಳಬಲ್ಲ, ಅಭಿಮನ್ಯುವಿನ ಮುಂದೆ ಕೊಟ್ಟುಕೊಳ್ಳುತ್ತಾನೆ ಕೂಡ. ಫೆಲಿಕ್ಸನಿಂದ ಅದು ಸಾಧ್ಯವಿಲ್ಲ. ಅಪ್ಪ ಅಮ್ಮ ಪ್ರಾಕ್ಸಿನವರ ಕೈಯಲ್ಲಿ ಒತ್ತೆ, ಬಾಲ್ಯದ ಗೆಳೆಯ ಬೆನ್ನ ಹಿಂದೆ, ಜೊತೆಯಲ್ಲಿ ಎಳೆದುಕೊಂಡು ಬಂದ ತಂಗಿ. ಇಂಥ ಸ್ಥಿತಿಯಲ್ಲಿರುವ ಹುಡುಗನಿಗೆ ಒಂದು ರಾತ್ರಿಯಾದರೂ ನಿದ್ದೆ ಬಂದೀತೇ? ಕಥೆ ಬರೆದವರು ಇಷ್ಟು ಒಳ್ಳೆಯ ಸಾಮಗ್ರಿ ಕೂಡಿಹಾಕಿ, ಅದನ್ನು ಹೇಳಬೇಕಾದವನ ಬಾಯಿಗೇ ಬಟ್ಟೆ ತುರುಕಿದ್ದಾರೆ. ಫೆಲಿಕ್ಸನ ಸಂಕಟ ನಮಗೆ ತಿಳಿಯುವುದು ಜೆನ್ನಾ ಹೇಳಿದ್ದರಿಂದ, ಪಂಡಿತ ವಿವರಿಸಿದ್ದರಿಂದ. ವಿವರಣೆಯಂತೂ ಸಾಕುಬೇಕಾಗುವಷ್ಟಿದೆ, ಆ ಆಟದ ಸಂಭಾಷಣೆ ಒಮ್ಮೊಮ್ಮೆ ಹರಿಕಥೆಯ ಪೀಠಿಕೆಗಿಂತ ಉದ್ದ.

ಹಾಗೆಂದು ಮೌನದಿಂದ ಲಾಭವೇ ಇಲ್ಲವೆನ್ನುವಂತಿಲ್ಲ. ಓದುಗ ದುರ್ಯೋಧನನಿಗಾಗಿ ಅತ್ತು, ಪುಸ್ತಕ ಮುಚ್ಚಿ, ಸಂಜೆ ಗಾಂಧಿ ಬಜಾರಿಗೆ ಹೋಗಿ ಹೂವು ಹಣ್ಣು ತರಬಹುದು. ದುರ್ಯೋಧನ ಮಾಡಿದ್ದಕ್ಕೆ ಅವನು ಹೊಣೆಯಲ್ಲ. ಆಟಗಾರನ ಸ್ಥಿತಿ ಬೇರೆ. ಮೆನಾರ್ಡಿಯನ್ನು ಕೊಲ್ಲುವಾಗ ಗುಂಡಿ ಒತ್ತಿದ್ದು ಅವನದೇ ಹೆಬ್ಬೆರಳು. ಎರಡನೆಯ ಆಟದಲ್ಲಿ ಮೆನಾರ್ಡಿಯ ತಂಗಿ ಕಾರ್ಸ್ಟ್ ಬಂದು ಅಕ್ಕನ ಸಾವಿನ ಲೆಕ್ಕ ಕೇಳುವಾಗ, ಆ ಲೆಕ್ಕ ಬಂದು ನಿಲ್ಲುವುದು ಆಡುವವನ ಬಾಗಿಲಿಗೆ. ಮೊದಲ ಆಟದಲ್ಲಿ ಗಳಿಸಿದ್ದನ್ನು ಎರಡನೆಯದಕ್ಕೆ ಸಾಗಿಸಲು ಕೇಬಲ್ ಇಲ್ಲದವರು 260 ಅಕ್ಷರ-ಚಿಹ್ನೆಗಳ ಸಂಕೇತವೊಂದನ್ನು ಕಾಗದದಲ್ಲಿ ಬರೆದುಕೊಂಡು ಒಂದೊಂದಾಗಿ ಒತ್ತಬೇಕಿತ್ತು. ಒಂದು ತಪ್ಪಿದರೂ ಸಂಕೇತ ನಡೆಯುತ್ತಿರಲಿಲ್ಲ. ಹೋದ ಜನ್ಮದ ಕರ್ಮವನ್ನು ಇಷ್ಟು ಅಕ್ಷರಶಃ ಹೊರಿಸಿದ ಕಥೆ ಇನ್ನೊಂದಿರಲಾರದು. ಇಂಥ ಸಿಕ್ಕು ಕಾವ್ಯದಲ್ಲಿ ಹುಟ್ಟುವುದಿಲ್ಲ.

ಆದರೆ ಆ ಸಿಕ್ಕನ್ನು ಹುಟ್ಟಿಸಿದ ಆಟ ಅದನ್ನು ಎದುರಿಸಿತೇ? ಇಲ್ಲ, ಜಾರಿಕೊಂಡಿತು. ಐಸಾಕ್ ಮತ್ತು ಫೆಲಿಕ್ಸ್ ಮೂರನೆಯ ದೀಪಸ್ತಂಭದಲ್ಲಿ ಎದುರಾಗುತ್ತಾರೆ. ಇಷ್ಟು ದೂರ ಕಾಯಿಸಿದ ಮೇಲೆ ಇಬ್ಬರೂ ಕಾದಬೇಕು, ಕಾದುವುದಿಲ್ಲ. ಕಾರ್ಸ್ಟ್ ಮತ್ತು ಅವಳ ಜೊತೆಗಾರ ಐಸಾಕನ ಮೇಲೆ ಬೀಳುತ್ತಾರೆ, ಫೆಲಿಕ್ಸ್ ಕಾಪಾಡುತ್ತಾನೆ, ಕೂತು ಮಾತಾಡುತ್ತಾರೆ, ಎಂಟು ಜನರ ಒಂದೇ ತಂಡವಾಗುತ್ತದೆ. ಹೊಳೆ ಪಾಲಾದವರೂ ಬದುಕಿರುತ್ತಾರೆ. ಕೊನೆಯ ದೀಪಸ್ತಂಭದಲ್ಲಿ ಎದುರಾಗುವ ಮೂರು ತಲೆಯ ಡ್ರ್ಯಾಗನ್ನನ್ನು ಕೊಂದ ಮೇಲೆ ಅದು ಐಸಾಕನ ಅಪ್ಪ ಮತ್ತು ಫೆಲಿಕ್ಸನ ಹೆತ್ತವರೇ ಎಂದು ತಿಳಿಯುತ್ತದೆ. ಎದೆ ಝಲ್ಲೆನ್ನಿಸುವ ತಿರುವು, ಇಡೀ ಜೋಡಿಯಲ್ಲಿ ನನಗೆ ಅತಿ ಹೆಚ್ಚು ಮೆಚ್ಚಿಗೆಯಾದದ್ದು. ಅಷ್ಟರಲ್ಲೇ ಅವರೂ ಎದ್ದು ಕೂರುತ್ತಾರೆ. ಮಾಡಿದ ಪಾಪವನ್ನೇ ಅಳಿಸಿ, ಆಮೇಲೆ ಮಾಡಿದವನನ್ನು ಕ್ಷಮಿಸುವ ಉಪಾಯ ಇದು. ಬಿ.ಎಂ.ಶ್ರೀ ಈ ಉಪಾಯಕ್ಕೆ ಕೈ ಹಾಕಲಿಲ್ಲ. ಉಪಪಾಂಡವರು ಎದ್ದು ಕೂರುವ ‘ಅಶ್ವತ್ಥಾಮನ್’ ನಾಟಕವನ್ನು ಊಹಿಸಿಕೊಂಡರೆ ಸಾಕು, ವ್ಯತ್ಯಾಸ ಅರ್ಥವಾಗುತ್ತದೆ.

ಒಬ್ಬನನ್ನು ಮಾತ್ರ ಆಟ ಕ್ಷಮಿಸುವುದಿಲ್ಲ: ಅಲೆಕ್ಸ್. ಎರಡೂ ಗುಂಪುಗಳ ನಡುವೆ ನಗುತ್ತ ಓಡಾಡಿ, ದೀಪಗಳೆಲ್ಲ ಹೊತ್ತಿದಾಗ ಬರುವ ಶಕ್ತಿಯನ್ನು ತಾನೊಬ್ಬನೇ ನುಂಗಲು ಕಾದಿದ್ದವನು. ಎಲ್ಲರೂ ಒಳ್ಳೆಯವರೆಂದು ತೀರ್ಮಾನಿಸಿದ ಮೇಲೆ ಉಳಿದ ಕೆಡುಕನ್ನೆಲ್ಲ ಹೊರಲು ಒಬ್ಬ ಬೇಕಲ್ಲ. ದುರ್ಯೋಧನನನ್ನು ಉಳಿಸಲು ಹೊರಟವರು ಪಾಪವನ್ನೆಲ್ಲ ಶಕುನಿಯ ತಲೆಗೆ ಕಟ್ಟುವುದನ್ನು ನಾವೂ ಕೇಳಿದ್ದೇವೆ.

ಉಳಿದ ಜೋಡಿಗಳನ್ನು ಬೇಗ ದಾಟಬಹುದು. ಬಯೋವೇರ್ ಸಂಸ್ಥೆಯ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ನಲ್ಲಿ (2003) ಎಲ್ಲರೂ ಶಪಿಸುವ ಹಳೆಯ ಖಳ, ನೆನಪು ಕಳೆದುಕೊಂಡ ನಾವೇ ಎಂದು ನಡುವೆ ಗೊತ್ತಾಗುತ್ತದೆ. ಅಬ್ಸಿಡಿಯನ್ ಸಂಸ್ಥೆ ಮರುವರ್ಷ ತಂದ ಎರಡನೆಯ ಭಾಗದಲ್ಲಿ ಕ್ರೀಯಾ ಎಂಬ ಮುದುಕಿ ಗುರುವಾಗಿ, ಬೈಯುತ್ತ, ಕೊನೆಗೆ ಎದುರಾಳಿಯಾಗಿ ನಿಲ್ಲುತ್ತಾಳೆ. ಆಟಗಳ ಲೋಕದಲ್ಲಿ ರನ್ನನಿಗೆ ಹತ್ತಿರ ಬರುವ ಪಾತ್ರ ಅದೊಂದೇ, ಏಕೆಂದರೆ ಅವಳಿಗೆ ಮಾತಿದೆ. ‘ಬಾಲ್ಡರ್ಸ್ ಗೇಟ್’ (1998) ಆಟದ ಖಳ ಸಾರೆವೊಕ್ ನಾಯಕನಿಗೆ ಅಣ್ಣ ವರಸೆ, ಇಬ್ಬರೂ ಸತ್ತ ದೇವರೊಬ್ಬನ ಮಕ್ಕಳು. ಕೊಂದಾಗಿದೆ. ಎರಡನೆಯ ಭಾಗಕ್ಕೆ 2001ರಲ್ಲಿ ಬಂದ ಅನುಬಂಧದಲ್ಲಿ ಅವನು ಮತ್ತೆ ಬಂದು, ನಿನ್ನ ಜೊತೆ ಸೇರಿಸಿಕೋ ಎನ್ನುತ್ತಾನೆ. ಸೇರಿಸಿಕೊಳ್ಳುವುದೂ ಬಿಡುವುದೂ ನಮಗೆ ಬಿಟ್ಟದ್ದು. ಒಳ್ಳೆಯ ದಾರಿಗೂ ತರಬಹುದು. ಕರ್ಣ ಎದ್ದು ಬಂದು ಅರ್ಜುನನ ರಥದ ಪಕ್ಕ ನಿಂತಂತೆ. ಇದನ್ನು ಓದಿ ಹಳೆಯ ತಲೆಮಾರು ಮೂಗು ಮುರಿಯಬಹುದು, ಆದರೆ ಕುಂತಿ ಬೇಡಿದ್ದು ಇದನ್ನೇ.

ಕನ್ನಡದಲ್ಲಿ ಆರ್‌ಪಿಜಿಗೆ ನಿಜವಾದ ಸೋದರ ಸಂಬಂಧಿ ಯಾವುದೆಂದರೆ ನಾನು ನಾಟಕ ಎನ್ನುವುದಿಲ್ಲ, ತಾಳಮದ್ದಳೆ ಎನ್ನುತ್ತೇನೆ. ಕರಾವಳಿಯದಾದರೂ ಬೆಂಗಳೂರಿನ ಸಭಾಂಗಣಗಳಲ್ಲಿ ಅದಕ್ಕೆ ಜನ ಸೇರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ಮಾತಾಡಬೇಕು, ಬಾಯಿಪಾಠದ ಸಂಭಾಷಣೆಯಿಲ್ಲ. ಕಥೆಯ ಕೊನೆ ಬದಲಾಗುವಂತಿಲ್ಲ, ಅಲ್ಲಿಗೆ ಹೋಗುವ ದಾರಿ ಮಾತ್ರ ಅವನದು. ಈವತ್ತು ಕೃಷ್ಣನಾದವನು ನಾಳೆ ಕೌರವ. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನಾಗಿ, ಮಾಗಧನಾಗಿ ಕೂತರೆ ಎದುರಿಗಿದ್ದ ದೇವರಿಗೇ ಉತ್ತರ ಹುಡುಕುವ ಪಾಡು ಬರುತ್ತಿತ್ತು. ಸೋಲಲೇಬೇಕಾದವನು ವಾದದಲ್ಲಿ ಗೆಲ್ಲುತ್ತಾನೆ. ಆಟದ ತಯಾರಕರು ಹೂಂ-ಊಹೂಂಗಳ ಜಾಗದಲ್ಲಿ ಹುಡುಕಬೇಕಾದದ್ದು ಇಂಥದನ್ನು.

ಸಿನಿಮಾದ ಒಂದು ಮಾತು. ನಮ್ಮ ಪ್ರೇಕ್ಷಕರು ಖಳನಿಗೆ ಶಿಳ್ಳೆ ಹೊಡೆಯಲು ಹಿಂದೆಮುಂದೆ ನೋಡಿದವರಲ್ಲ, ಖಳ ರಾಜ್‌ಕುಮಾರ್ ಆಗಿದ್ದರೆ. ‘ಭೂಕೈಲಾಸ’ದ (1958) ರಾವಣ, ‘ಮಹಿಷಾಸುರ ಮರ್ದಿನಿ’ಯ (1959) ಮಹಿಷ, ‘ಭಕ್ತ ಪ್ರಹ್ಲಾದ’ದ (1983) ಹಿರಣ್ಯಕಶಿಪು ಎಲ್ಲರೂ ಅವರೇ. ‘ಬಬ್ರುವಾಹನ’ದಲ್ಲಿ (1977) ಅರ್ಜುನನೂ ಅವರೇ, ಅರ್ಜುನನ ತಲೆ ಉರುಳಿಸುವ ಮಗನೂ ಅವರೇ. ಐಸಾಕ್-ಫೆಲಿಕ್ಸ್ ಜೋಡಿ ತಪ್ಪಿಸಿಕೊಂಡ ಕಾಳಗವನ್ನು ಅಣ್ಣಾವ್ರು ಒಬ್ಬರೇ ಎರಡು ಕಡೆಯಿಂದ ಮಾಡಿ ಮುಗಿಸಿದ್ದರು.

ದ್ರೌಪದಿಯ ಮಾತು ಬಾಕಿ ಇದೆ. ಖಳನ ಮೇಲೆ ಕರುಣೆ ಸುರಿಸುವ ಕಥೆಗಳೆಲ್ಲದರ ದೋಷ ಒಂದೇ: ಯಾರಿಗೆ ಅನ್ಯಾಯವಾಯಿತೋ ಅವರು ಮೂಲೆಗೆ ಸರಿಯುತ್ತಾರೆ. ‘ದಿ ಲಾಸ್ಟ್ ಏಜ್’ನಲ್ಲಿ ಶೀಬಾ ಎಂಬ ಹುಡುಗಿ ಇದ್ದಾಳೆ. ಸಾಟುರೋಸನ ಗುಂಪು ಅವಳನ್ನು ಹೊತ್ತೊಯ್ದಿತ್ತು, ಆ ಗುಂಪಿನಲ್ಲಿ ಫೆಲಿಕ್ಸನೂ ಇದ್ದ. ದೀಪಸ್ತಂಭದಿಂದ ಅವಳು ಬಿದ್ದಾಗ ಅವನು ಹಿಂದೆಯೇ ಹಾರಿದ ಎಂಬ ಒಂದು ಕಾರಣಕ್ಕೆ ಅಪಹರಣದ ವಿಷಯ ಅಲ್ಲಿಗೆ ಮುಗಿದುಹೋಗುತ್ತದೆ. ಅವಳು ತಂಡ ಸೇರುತ್ತಾಳೆ, ಕೋಪವನ್ನು ಎಲ್ಲಿಟ್ಟಳೋ ತಿಳಿಯದು. ರನ್ನ ಇಷ್ಟು ಅಗ್ಗವಾಗಿ ಬಿಡುವುದಿಲ್ಲ. ಅವನ ಕಾವ್ಯದಲ್ಲಿ ದ್ರೌಪದಿ ಬಿಚ್ಚಿದ ಮುಡಿಯೊಡನೆ ಭೀಮನ ಎದುರು ನಿಂತು ಕೇಳಬೇಕಾದ್ದನ್ನೆಲ್ಲ ಕೇಳುತ್ತಾಳೆ, ಆಮೇಲೆಯೇ ದುರ್ಯೋಧನನ ದುಃಖಕ್ಕೆ ಪ್ರವೇಶ. ಕೊನೆಗೆ ಮುಡಿ ಕಟ್ಟುವುದೂ ಆಗುತ್ತದೆ. ಅತ್ತವರೂ ಆ ಮುಡಿಯನ್ನು ಮರೆಯುವಂತಿಲ್ಲ. ಸೋತವನಿಗೆ ಪೂರ್ತಿ ಕರುಣೆ, ನೊಂದವಳಿಗೆ ಪೂರ್ತಿ ನ್ಯಾಯ, ಎರಡನ್ನೂ ಒಂದೇ ಕಾವ್ಯದಲ್ಲಿ ತೂಗಿದ್ದು ಅವನ ಅಳತೆ. ದುರಂತ ನಾಯಕನ ಹುಡುಕಾಟದಲ್ಲಿ ಶ್ರೀಯವರ ತಕ್ಕಡಿ ಒಂದು ಕಡೆಗೆ ವಾಲಿತು ಎಂದೇ ನನ್ನ ಆಕ್ಷೇಪ.

‘ಗೋಲ್ಡನ್ ಸನ್’ಗೆ ಮೂರನೆಯ ಭಾಗವೂ ಬಂತು, 2010ರಲ್ಲಿ, ‘ಡಾರ್ಕ್ ಡಾನ್’ ಹೆಸರಿನಲ್ಲಿ. ಮೂವತ್ತು ವರ್ಷ ಕಳೆದಿದೆ, ನಾಯಕ ಐಸಾಕನ ಮಗ, ಅವನೂ ಮೂಕ. ದೀಪ ಹೊತ್ತಿದ್ದರಿಂದ ಲೋಕ ಉಳಿದದ್ದೇನೋ ಸರಿ, ಆದರೆ ನೆಲ ಬಿರಿದು ಊರುಗಳು ಹಾಳಾದವು, ಹೊಸ ರಾಜ್ಯಗಳು ಎದ್ದು ಯುದ್ಧಗಳಾದವು. ದೀಪ ಹೊತ್ತಿಸಿದವರನ್ನು ಜನ ಈಗ ಕಟಕಟೆಗೆ ಎಳೆಯುತ್ತಾರೆ. ಮುಖವಾಡ ಹಾಕಿಕೊಂಡು ಅಲೆಕ್ಸನೂ ಬಂದಿದ್ದಾನೆ. ಆ ಜನರ ಮುಂದೆ ನಿಂತು ಉತ್ತರ ಹೇಳಬೇಕಾದವನು ಫೆಲಿಕ್ಸ್, ಕೊನೆಯ ಎರಡು ದೀಪ ಹೊತ್ತಿಸಲು ಹೊರಟವನು. ಈಗ ಅವನು ಆಟಗಾರನ ಪಾತ್ರವಲ್ಲ, ಮಾತಾಡಲು ಅಡ್ಡಿಯೇನೂ ಇರಲಿಲ್ಲ. ಕಥೆಗಾರರು ಅವನನ್ನು ತೆರೆಯ ಮೇಲಕ್ಕೇ ಕರೆಸಲಿಲ್ಲ.